ಹಾಸನ ಸೀಮೆಯ ಭೂಕಂಪವೂ ಹಳೆಯ ಕಾಂಕ್ರೀಟು ಕಟ್ಟಡಗಳೂ

2022ನೆಯ ಇಸವಿ ಜೂನ್ 23ರ ಬೆಳಗಿನ ಜಾವ 4 ಗಂಟೆ 37 ನಿಮಿಷಕ್ಕೆ ಹೊಳೆನರಸೀಪುರ ತಾಲ್ಲೂಕಿನಲ್ಲಿ ಭೂಮಿಯು ನಡುಗಿತು. ಅದರ ಪ್ರಮಾಣವು 3.4. ಅರಕಲಗೂಡಿನಲ್ಲಿಯೂ ಆಚೆ ಕೊಡಗಿನ ಸೋಮವಾರಪೇಟೆಯ ಕಡೆಯಲ್ಲಿಯೂ ಆ ಕಂಪನವು ಅನುಭವಕ್ಕೆ ಬಂದಿತು. ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳು ಗಾಢನಿದ್ರೆಯಲ್ಲಿರತಕ್ಕ ಹೊತ್ತು ಅದೆಂಬುದನ್ನು ವಾಚಕರು ಗಮನಿಸಬೇಕು.

2002ರ ಭೂಕಂಪ ನಕ್ಷೆಯಲ್ಲಿ ಹಾಸನ ಜಿಲ್ಲೆಯು ಅತ್ಯಂತ ಕಡಮೆ ಅಪಾಯದ ಎರಡನೆಯ ವಲಯಕ್ಕೆ ಸೇರಿದುದು. ಇದರಿಂದುಂಟಾದ ನಿಶ್ಚಿಂತೆಯು ಯುಕ್ತವಲ್ಲ. ಮಹಾರಾಷ್ಟ್ರದ ಕಿಲ್ಲಾರಿಯೂ ಅಂದಿನ ನಕ್ಷೆಯ ಕನಿಷ್ಠ ವಲಯದಲ್ಲಿಯೇ ಇದ್ದಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ 6.2 ಪ್ರಮಾಣದ ಕಂಪವಾಗಿ, ಕಲ್ಲುಮಣ್ಣಿನ ಮನೆಗಳಡಿಯಲ್ಲಿ ಸಾವಿರಾರು ಜನರು ಅಸುನೀಗಿದರು. ಕಾಂಕ್ರೀಟಾದರೆ ಭಯವಿಲ್ಲವೆಂಬ ನಂಬಿಕೆಯನ್ನು 2001ರ ಜನವರಿ 26ರ ಭುಜ್ ಭೂಕಂಪವು ಅಳಿಸಿತು. ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಅಹಮದಾಬಾದಿನಲ್ಲಿ, ಕೆಳ ಅಂತಸ್ತನ್ನು ಬರಿಯ ಕಂಬಗಳ ಮೇಲೆ ತೆರೆದು ಬಿಟ್ಟಿದ್ದ ಎಷ್ಟೋ ಕಟ್ಟಡಗಳು ಕುಸಿದವು.

ಈ ದೋಷವು ನಮ್ಮ ಪ್ರಸಾದ ನಿಲಯಗಳಿಗೂ ಸಲ್ಲುವುದು. ಪಂಕ್ತಿಭೋಜನಕ್ಕೆ ಅಡ್ಡಿಯಾಗದಿರಲೆಂದು ಕೆಳಗೆ ಗೋಡೆಗಳನ್ನು ಬಿಟ್ಟು, ಮೇಲೆ ಸಾಲುಸಾಲಾಗಿ ಕೊಠಡಿಗಳನ್ನು ಕಟ್ಟಿದಲ್ಲಿ, ಮೇಲಿನ ಭಾಗವು ಬಿಗಿಯಾಗಿಯೂ ಕೆಳಗಿನದು ಬಳುಕುವಂತೆಯೂ ಆಗಿ, ಆಘಾತವೆಲ್ಲವೂ ಕೆಳಗಿನ ಕಂಬಗಳ ಪಾಲಿಗೆ ಬರುವುದು. ಹಳೆಯ ಕಂಬಗಳಲ್ಲಿ ಸಲಾಕೆಗಳನ್ನು ಸುತ್ತುವ ಕಬ್ಬಿಣದ ರಿಂಗುಗಳು ವಿರಳ. ಅವುಗಳ ತುದಿಗಳನ್ನು ಒಳಕ್ಕೆ ಮಡಿಸದೆ ಮೂಲೆಯಲ್ಲಿಯೇ ಬಗ್ಗಿಸಿ ಬಿಟ್ಟಿದ್ದರೆ, ಕಂಬವು ತೂಗಿದಾಗ ಅವು ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಬೇಕಾದ ನಿಯಮವು 1993ರಲ್ಲಿಯೇ ಬಂದಿತಾದರೂ, 2016ರ ಪರಿಷ್ಕರಣದಲ್ಲಿಯೂ ಅದು ಮೂರನೆಯ ವಲಯದಿಂದ ಮೇಲಕ್ಕೆ ಮಾತ್ರ ಕಡ್ಡಾಯವಾಯಿತು. ಹಾಸನ, ಚನ್ನರಾಯಪಟ್ಟಣಗಳ ಮೇಸ್ತ್ರಿಗಳನ್ನು ದೂಷಿಸುವುದು ಆದಕಾರಣ ನ್ಯಾಯವಲ್ಲ.

ಇಂತಹ ಕಟ್ಟಡವನ್ನು ಕೆಡವಬೇಕಾಗಿಯೇ ಇಲ್ಲ. ನಿಂತ ಕಟ್ಟಡವನ್ನು ಪರೀಕ್ಷಿಸಿ ಬಲಪಡಿಸುವ ಕ್ರಮವನ್ನು ಭಾರತೀಯ ಮಾನಕ ಸಂಸ್ಥೆಯು 2013ರಲ್ಲಿ ಪ್ರಕಟಿಸಿತು. ಮೊದಲು ಕಾಂಕ್ರೀಟಿನ ಗಟ್ಟಿತನವನ್ನೂ ಒಳಗಿನ ಸಲಾಕೆಗಳ ತುಕ್ಕನ್ನೂ ನೋಡತಕ್ಕದ್ದು. ಅನಂತರ ದುರ್ಬಲವಾದ ಕಂಬಗಳಿಗೆ ಹೊಸ ಸಲಾಕೆ, ಒತ್ತಾದ ರಿಂಗುಗಳನ್ನು ಕಟ್ಟಿ ಕಾಂಕ್ರೀಟಿನ ಕವಚವನ್ನು ತೊಡಿಸುವರು. ಕೆಲವು ಅಂಕಣಗಳಲ್ಲಿ ತಳಪಾಯದಿಂದಲೇ ಗೋಡೆಗಳನ್ನು ಎಬ್ಬಿಸುವರು. ಗೋಡೆಗಳು ಒಂದೇ ಮಗ್ಗುಲಿಗೆ ಬಿದ್ದರೆ ಕಟ್ಟಡವು ತಿರುಚಿಕೊಳ್ಳುವುದರಿಂದ ಎರಡೂ ಕಡೆಗೆ ಸಮನಾಗಿರಬೇಕು. ದಾನಿಗಳು ಮಹಾದ್ವಾರಕ್ಕೂ ಹೊಸ ಅಂತಸ್ತಿಗೂ ಉದಾರವಾಗಿ ಕೊಡುವರು. ಕಂಬದ ಕವಚಕ್ಕೆ ಕೊಡುವವರು ಅಪೂರ್ವ. ಹಳೆಯ ಕಂಬಗಳ ಮೇಲೆ ಮತ್ತೊಂದು ಅಂತಸ್ತೆಂಬುದಂತೂ ಅಪಾಯವನ್ನು ಹೆಚ್ಚಿಸುವ ಪುಣ್ಯಕಾರ್ಯ. ಬೇಸಗೆಯ ರಜೆಯಲ್ಲಿ ಮಕ್ಕಳು ಊರಿಗೆ ಹೋಗಿರುವಾಗ, ಊಟದ ಅಂಗಣದ ಕಂಬಗಳಿಂದಲೇ ಈ ಕೆಲಸವನ್ನು ಮೊದಲುಮಾಡಬಹುದು.