ಸೂಪರ್‌ಕ್ರಿಟಿಕಲ್ ಬಣ್ಣಗಾರಿಕೆ

ನೀರಿನ ಬದಲು ಭಾರೀ ಒತ್ತಡದಲ್ಲಿರುವ ಬಿಸಿ ಕಾರ್ಬನ್ ಡೈಆಕ್ಸೈಡಿನಲ್ಲಿ ಬಣ್ಣ ಕರಗಿಸಿ ನೂಲು, ಬಟ್ಟೆ, ಪ್ಲಾಸ್ಟಿಕ್‌ಗಳಿಗೆ ಏರಿಸುವ ವಿಧಾನ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಪ್ರಯೋಗಾಲಯದಲ್ಲಿ ಹುಟ್ಟಿ, 2010ರಿಂದ ಈಚೆಗೆ ಕಾರ್ಖಾನೆಯ ಬಾಗಿಲು ದಾಟಿದೆ. ಪಾಲಿಯೆಸ್ಟರ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ, ಹತ್ತಿಗೆ ಸುಲಭವಾಗಿ ಒಗ್ಗುವುದಿಲ್ಲ. ‘ನೀರೇ ಬೇಡದ ಬಣ್ಣ’ ಎಂದು ಇದನ್ನು ಕೊಂಡಾಡುವ ಬರಹಗಳು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ನುಂಗಿಬಿಡುತ್ತವೆ.

ಏನಿದು ಸೂಪರ್‌ಕ್ರಿಟಿಕಲ್ ಸ್ಥಿತಿ

ಪ್ರತಿ ವಸ್ತುವಿಗೂ ಒಂದು ಕ್ರಿಟಿಕಲ್ ಉಷ್ಣತೆ, ಒಂದು ಕ್ರಿಟಿಕಲ್ ಒತ್ತಡ ಇರುತ್ತದೆ. ಎರಡನ್ನೂ ದಾಟಿದ ಮೇಲೆ ಅದು ದ್ರವವೂ ಅಲ್ಲ, ಅನಿಲವೂ ಅಲ್ಲ. ದ್ರವದ ಹಾಗೆ ಬೇರೆ ವಸ್ತುಗಳನ್ನು ಕರಗಿಸಿಕೊಳ್ಳುತ್ತದೆ, ಅನಿಲದ ಹಾಗೆ ಸಂದುಗೊಂದಿಗೆಲ್ಲ ನುಗ್ಗುತ್ತದೆ. ನೀರಿನ ಕ್ರಿಟಿಕಲ್ ಉಷ್ಣತೆ 374 ಡಿಗ್ರಿ ಸೆಲ್ಸಿಯಸ್, ಒತ್ತಡ 221 ಬಾರ್. ಬಟ್ಟೆಗೆ ಅದು ಸಲ್ಲದು. ಕಾರ್ಬನ್ ಡೈಆಕ್ಸೈಡಿಗಾದರೆ 31.1 ಡಿಗ್ರಿ, 73.8 ಬಾರ್ ಸಾಕು. ಅದು ಹೊತ್ತಿ ಉರಿಯುವುದಿಲ್ಲ, ಅಗ್ಗವಾಗಿ ಸಿಗುತ್ತದೆ. ಹಾಗಾಗಿ ಬಣ್ಣಗಾರಿಕೆಗೆ ಆಯ್ಕೆಯಾದದ್ದು ಅದೇ.

ಈ ಸ್ಥಿತಿ ನೋಡಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಲಾರಿ ರಿಪೇರಿಗೆ, ಬಾಡಿ ಕಟ್ಟುವ ಕೆಲಸಕ್ಕೆ ಹೆಸರಾದ ಊರು. ಇಂಥ ಕಡೆ ವೆಲ್ಡಿಂಗ್‌ಗೆಂದು ನಿಲ್ಲಿಸಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ಚಳಿಗಾಲದಲ್ಲಿ ತಳಕ್ಕೆ ದ್ರವ, ಅದರ ಮೇಲೆ ಅನಿಲ ಇರುತ್ತದೆ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಬಸವಕಲ್ಯಾಣ, ಮೋರಖಂಡಿ, ಹುಮನಾಬಾದ್ ಕಡೆ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 40 ಡಿಗ್ರಿ ಆಸುಪಾಸು ಕಾಯುತ್ತದೆ. ಆ ಹೊತ್ತಿಗೆ ಹೊಸದಾಗಿ ತುಂಬಿಸಿ ತಂದ ಸಿಲಿಂಡರಿನಲ್ಲಿ ದ್ರವ ಎಲ್ಲಿ ಮುಗಿಯಿತು, ಅನಿಲ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಉಳಿದಿರುವುದಿಲ್ಲ. ಉಕ್ಕಿನ ಗೋಡೆಯೊಳಗೆ ಇರುವುದು ಅಪ್ಪಟ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್. ಸಿಲಿಂಡರನ್ನು ಬಿಸಿಲಿಗೆ ಇಡಬಾರದೆಂಬ ಎಚ್ಚರಿಕೆ ಸುಮ್ಮನೆ ಬರೆದದ್ದಲ್ಲ. ಈ ಹಂತ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಒತ್ತಡ ಜೋರಾಗಿ ಏರುತ್ತದೆ.

ಕೆಲಸ ನಡೆಯುವ ಬಗೆ

ಪಾಲಿಯೆಸ್ಟರ್ ಬಟ್ಟೆಯನ್ನು ತೂತುಗಳಿರುವ ಉಕ್ಕಿನ ಕೊಳವೆಗೆ, ಅಂದರೆ ಬೀಮಿಗೆ, ಸುತ್ತಿ ದಪ್ಪ ಗೋಡೆಯ ಪಾತ್ರೆಯೊಳಗೆ ಇಳಿಸುತ್ತಾರೆ. ಬಣ್ಣದ ಪುಡಿಯನ್ನು ಬೇರೆ ಕೋಣೆಯಲ್ಲಿ ಹಾಕಿರುತ್ತಾರೆ. ಪಾತ್ರೆ ಮುಚ್ಚಿ, ಕಾರ್ಬನ್ ಡೈಆಕ್ಸೈಡ್ ತುಂಬಿ, ಸುಮಾರು 120 ಡಿಗ್ರಿ ಕಾವು, 250 ಬಾರ್ ಒತ್ತಡಕ್ಕೆ ತರುತ್ತಾರೆ. 250 ಬಾರ್ ಎಂದರೆ ಸಮುದ್ರದಲ್ಲಿ ಎರಡೂವರೆ ಕಿಲೋಮೀಟರ್ ಆಳದಲ್ಲಿ ಇರುವಷ್ಟು ಒತ್ತಡ. ಈ ಸ್ಥಿತಿಯಲ್ಲಿ ಅದರ ಸಾಂದ್ರತೆ ನೀರಿನ ಅರ್ಧದಷ್ಟು. ಪಂಪು ಅದನ್ನು ಬಣ್ಣದ ಪುಡಿಯ ಮೂಲಕ ಹಾಯಿಸಿ, ಬೀಮಿನ ತೂತುಗಳಿಂದ ಬಟ್ಟೆಯ ಪದರ ಪದರಕ್ಕೂ ನುಗ್ಗಿಸುತ್ತದೆ.

ಒಳಗೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಕಾರ್ಬನ್ ಡೈಆಕ್ಸೈಡ್ ಎಳೆಯೊಳಗೆ ಸೇರಿ ಅದನ್ನು ಸ್ವಲ್ಪ ಉಬ್ಬಿಸಿ ಸಡಿಲ ಮಾಡುತ್ತದೆ. ಮಾಮೂಲಾಗಿ 70-80 ಡಿಗ್ರಿಯಲ್ಲಿ ಮೆದುವಾಗುವ ಪಾಲಿಯೆಸ್ಟರ್ ಇಲ್ಲಿ ಅದಕ್ಕಿಂತ ಕಡಿಮೆ ಕಾವಿನಲ್ಲೇ ಮೆದುವಾಗುತ್ತದೆ. ಕರಗಿದ ಬಣ್ಣ (ಪಾಲಿಯೆಸ್ಟರ್‌ಗೆ ಹಾಕುವ ಈ ಬಗೆಗೆ ಡಿಸ್ಪರ್ಸ್ ಬಣ್ಣ ಎನ್ನುತ್ತಾರೆ) ಆ ಸಡಿಲದಲ್ಲಿ ಒಳಹೊಕ್ಕು ಅಲ್ಲೇ ಉಳಿಯುತ್ತದೆ. ಕೊನೆಗೆ ಒತ್ತಡ ಇಳಿಸಿದರೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹೊರಬರುತ್ತದೆ, ಅದಕ್ಕೆ ಕರಗಿಸುವ ಶಕ್ತಿ ಇಲ್ಲವಾಗುತ್ತದೆ, ಮಿಕ್ಕ ಬಣ್ಣ ಪುಡಿಯಾಗಿ ಕೆಳಗೆ ಬೀಳುತ್ತದೆ. ಅನಿಲದಲ್ಲಿ ಸುಮಾರು ಶೇ. 95ರಷ್ಟನ್ನು ಮತ್ತೆ ಬಳಸಬಹುದು. ಬಟ್ಟೆ ಒಣಗಿಯೇ ಹೊರಬರುತ್ತದೆ.

ಇದರ ಪಕ್ಕದಲ್ಲಿ ನೀರಿನ ವಿಧಾನ ಇಟ್ಟು ನೋಡಿ. ಡಿಸ್ಪರ್ಸ್ ಬಣ್ಣ ನೀರಿನಲ್ಲಿ ಕರಗುವುದೇ ಕಡಿಮೆ. ಅದನ್ನು ನೀರಿನಲ್ಲಿ ಹರಡಿ ನಿಲ್ಲಿಸಲು ಬೇರೆ ರಾಸಾಯನಿಕ ಬೆರೆಸಬೇಕು. ಮಾರುಕಟ್ಟೆಯ ಬಣ್ಣದ ಪೊಟ್ಟಣದಲ್ಲಿ ಎಷ್ಟೋ ಸಲ ಬಣ್ಣಕ್ಕಿಂತ ಅದೇ ಹೆಚ್ಚು. 130 ಡಿಗ್ರಿಯಲ್ಲಿ ಕಾಯಿಸಿದ ಮೇಲೆ ಎಳೆಯ ಹೊರಮೈಗೆ ಅಂಟಿದ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ, ಹೈಡ್ರೋಸಲ್ಫೈಟ್ ಹಾಕಿ ತೊಳೆಯಬೇಕು. ಕಿಲೋ ಬಟ್ಟೆಗೆ 100ರಿಂದ 150 ಲೀಟರ್ ನೀರು ಹಿಡಿಯುತ್ತದೆ ಎಂಬುದು ಉದ್ಯಮದವರು ಸಾಮಾನ್ಯವಾಗಿ ಹೇಳುವ ಲೆಕ್ಕ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ತಮಿಳುನಾಡಿನ ತಿರುಪ್ಪೂರು ಸಾಕ್ಷಿ. ಬಣ್ಣದ ನೀರಿನಿಂದ ನೊಯ್ಯಲ್ ನದಿ, ಒರತ್ತುಪಾಳಯಂ ಅಣೆಕಟ್ಟು ಕೆಟ್ಟುಹೋದ ಮೇಲೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು.

ಬೆಳೆದು ಬಂದ ದಾರಿ

1822ರಲ್ಲಿ ಫ್ರಾನ್ಸಿನ ಕ್ಯಾನ್ಯಾರ್ ದ ಲಾ ಟೂರ್ ಬಾಯಿ ಮುಚ್ಚಿದ ಬಂದೂಕಿನ ನಳಿಗೆಯಲ್ಲಿ ದ್ರವದ ಜೊತೆ ಒಂದು ಗುಂಡು ಹಾಕಿ ಕಾಯಿಸಿದ. ಗುಂಡು ಉರುಳುವ ಸದ್ದು ಒಂದು ಹಂತದಲ್ಲಿ ಬದಲಾದದ್ದನ್ನು ಕೇಳಿಯೇ ಒಳಗೆ ದ್ರವ ಉಳಿದಿಲ್ಲ ಎಂದು ತಿಳಿದುಕೊಂಡ. 1869ರಲ್ಲಿ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರೂಸ್ ಕಾರ್ಬನ್ ಡೈಆಕ್ಸೈಡಿನ ಮೇಲೆ ಕೆಲಸ ಮಾಡಿ ಕ್ರಿಟಿಕಲ್ ಬಿಂದುವನ್ನು ಖಚಿತಪಡಿಸಿದ. ಈ ಸ್ಥಿತಿಯಲ್ಲಿ ಘನವಸ್ತುಗಳೂ ಕರಗುತ್ತವೆ ಎಂದು 1879ರಲ್ಲಿ ಹ್ಯಾನೇ ಮತ್ತು ಹೋಗಾರ್ತ್ ತೋರಿಸಿದರು. ಆಮೇಲೆ ಬಹುಕಾಲ ಇದು ಕುತೂಹಲವಾಗಿಯೇ ಉಳಿಯಿತು. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಬಳಕೆಗೆ ಬಂದ ಮೇಲೆ ಉದ್ಯಮದ ಕಣ್ಣು ಇತ್ತ ಬಿತ್ತು.

ಬಟ್ಟೆಗೆ ಇದನ್ನು ತಂದವರು ಜರ್ಮನಿಯ ಕ್ರೆಫೆಲ್ಡ್ ಜವಳಿ ಸಂಶೋಧನಾ ಸಂಸ್ಥೆಯ ಎಕಾರ್ಡ್ ಶೋಲ್‌ಮಾಯರ್ ಮತ್ತು ಸಂಗಡಿಗರು. ವ್ಯಾಪಾರಕ್ಕೆ ಇಳಿಸಿದ್ದು ನೆದರ್ಲೆಂಡ್ಸ್‌ನ ಡೈಕೂ ಕಂಪನಿ. ಅದರ ಯಂತ್ರದಲ್ಲಿ ಥಾಯ್ಲೆಂಡಿನಲ್ಲಿ ಬಣ್ಣ ಹಾಕಿದ ಅಂಗಿಗಳನ್ನು ಅಡಿಡಾಸ್ 2012ರಲ್ಲಿ ಮಾರುಕಟ್ಟೆಗೆ ತಂದಿತು; 2013ರ ಡಿಸೆಂಬರಿನಲ್ಲಿ ನೈಕಿ ತೈವಾನಿನ ಕಾರ್ಖಾನೆಯೊಂದರಲ್ಲಿ ಇದೇ ವಿಧಾನ ಶುರುಮಾಡಿತು. ಶಕ್ತಿ ಸುಮಾರು ಶೇ. 60, ಸಮಯ ಶೇ. 40 ಉಳಿಯುತ್ತದೆ ಎಂಬುದು ನೈಕಿಯದೇ ಮಾತು. ಅಷ್ಟರ ಮಟ್ಟಿಗೇ ಅದನ್ನು ತೆಗೆದುಕೊಳ್ಳಬೇಕು.

ಹತ್ತಿಯ ತೊಡಕು

ಹತ್ತಿಯ ಎಳೆ ನೀರನ್ನು ಬಯಸುವ ಎಳೆ. ಅದರ ಸೆಲ್ಯುಲೋಸ್ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಬಿಗಿಹಿಡಿದಿರುತ್ತವೆ. ನೀರು ಹೊಕ್ಕರೆ ಆ ಹಿಡಿತ ಸಡಿಲವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊಕ್ಕರೆ ಆಗುವುದಿಲ್ಲ. ಹತ್ತಿಗೆ ಹಿಡಿಯುವ ಮಾಮೂಲು ರಿಯಾಕ್ಟಿವ್ ಬಣ್ಣ ಈ ಮಾಧ್ಯಮದಲ್ಲಿ ಕರಗುವುದಿಲ್ಲ, ಕರಗುವ ಡಿಸ್ಪರ್ಸ್ ಬಣ್ಣ ಹತ್ತಿಗೆ ಹಿಡಿಯುವುದಿಲ್ಲ. ಎರಡರ ಗುಣವನ್ನೂ ಸೇರಿಸಿದ ಹೊಸ ಬಣ್ಣಗಳನ್ನು ರೂಪಿಸುವುದು, ಸ್ವಲ್ಪ ಮೆಥನಾಲ್ ಅಥವಾ ನೀರು ಬೆರೆಸುವುದು, ಹತ್ತಿಯನ್ನೇ ಮೊದಲು ರಾಸಾಯನಿಕವಾಗಿ ಮಾರ್ಪಡಿಸುವುದು, ಹೀಗೆ ಹಲವು ದಾರಿ ಹುಡುಕಿದ್ದಾರೆ. ಡೆಲ್ಫ್ಟ್‌ನ ಸಂಶೋಧಕರು ಫ್ಲೋರೋಟ್ರಯಜೀನ್ ಬಣ್ಣಗಳಿಂದ ಒಳ್ಳೆಯ ಫಲಿತಾಂಶ ಪಡೆದರು. ಮುಂಬೈನ ದೇವೆನ್ ಸೂಪರ್‌ಕ್ರಿಟಿಕಲ್ಸ್ ಸಹಜ ನಾರಿಗೂ ಒಗ್ಗುವ ವಿಧಾನವನ್ನು ‘ಸುಪ್ರಾಯುನೋ’ ಹೆಸರಿನಲ್ಲಿ ಮುಂದಿಟ್ಟಿದೆ. ರೇಷ್ಮೆ, ಉಣ್ಣೆಗಳಲ್ಲಿ ಪ್ರೋಟೀನ್ ಇರುವುದರಿಂದ ಅವು ಹತ್ತಿಗಿಂತ ಬೇಗ ಮಣಿಯುತ್ತವೆ.

ಕರ್ನಾಟಕದ ಸಂದರ್ಭ

ಯಾವ ವಸ್ತು ಯಾವ ಒತ್ತಡದಲ್ಲಿ ಎಷ್ಟು ಕರಗುತ್ತದೆ ಎಂಬ ಲೆಕ್ಕವಿಲ್ಲದೆ ಇಂಥ ಯಂತ್ರ ಕಟ್ಟಲಾಗದು. ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡಿನಲ್ಲಿ ಘನವಸ್ತುಗಳ ಕರಗುವಿಕೆಯನ್ನು ಅಳೆಯುವ, ಅದಕ್ಕೆ ಸಮೀಕರಣ ಕೂಡಿಸುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಅವರ ತಂಡದಿಂದ ಸಾಕಷ್ಟು ನಡೆದಿದೆ. ಅವರಿಗೆ 2009ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ಮಾಧ್ಯಮದಿಂದ ಸಾಂಬಾರ ಪದಾರ್ಥಗಳ ಸಾರ ತೆಗೆಯುವ ಸಂಶೋಧನೆ ಮಾಡಿದೆ.

ಮಗ್ಗದ ಕಡೆ ಚಿತ್ರ ಬೇರೆ. ಬಳ್ಳಾರಿಯ ಜೀನ್ಸ್ ಹತ್ತಿಯದು. ಗಡಿಯಾಚೆ, ಕನ್ನಡ ಮಾತು ಧಾರಾಳವಾಗಿ ಕೇಳುವ ಸೋಲಾಪುರದ ಚಾದರ, ಟವೆಲ್ಲೂ ಹತ್ತಿಯವೇ. ಇಳಕಲ್, ರಬಕವಿ-ಬನಹಟ್ಟಿಗಳ ನೇಕಾರರು ಬಣ್ಣ ಹಾಕಿಸುವುದು ನೂಲಿನ ಲಡಿಗೆ, ಅದೂ ಸಣ್ಣ ಸಣ್ಣ ಪ್ರಮಾಣದಲ್ಲಿ. ಕೋಟಿಗಟ್ಟಲೆ ಬೆಲೆಯ ಒತ್ತಡದ ಪಾತ್ರೆ ಅವರ ಓಣಿಗೆ ಬರುವ ಮಾತಲ್ಲ. ಈ ತಂತ್ರಕ್ಕೆ ಜಾಗ ಸಿಕ್ಕರೆ ಅದು ಪಾಲಿಯೆಸ್ಟರ್‌ನ ದೊಡ್ಡ ಘಟಕದಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಬಂದಿದೆ. ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರಿಗೇ ಟ್ಯಾಂಕರ್ ಓಡಾಡುವ ಸೀಮೆ ಇದು. ಪಕ್ಕದ ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶದ ರಾಸಾಯನಿಕ ತ್ಯಾಜ್ಯದ ಬಗ್ಗೆ ಸುತ್ತಲಿನ ಊರವರ ದೂರೂ ಹಳೆಯದು. ಪಾರ್ಕಿನಲ್ಲಿ ಪಾಲಿಯೆಸ್ಟರ್‌ಗೆ ಬಣ್ಣ ಹಾಕುವುದಾದರೆ ಈ ವಿಧಾನವನ್ನು ಲೆಕ್ಕ ಹಾಕಿ ನೋಡುವುದು ಸರಿ. ಹತ್ತಿಯೇ ಹೆಚ್ಚಾದರೆ ತೊಳೆದ ನೀರು ಶುದ್ಧ ಮಾಡಿ ಮತ್ತೆ ಬಳಸುವುದರ ಕಡೆಗೇ ದುಡ್ಡು ಹಾಕಬೇಕು.

ಅನಿಲಕ್ಕೆ ಮಾತ್ರ ಈ ಭಾಗದಲ್ಲಿ ಬರವಿಲ್ಲ. ಬೀದರ್ ಕಬ್ಬಿನ ಜಿಲ್ಲೆ. ಕಾಕಂಬಿ ಹುಳಿಸಿ ಮದ್ಯಸಾರ ಮಾಡುವಾಗ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರದ ಜೊತೆಗೆ 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ಅಂದರೆ ಹೆಚ್ಚುಕಡಿಮೆ ಸರಿಸಮ. ಅದನ್ನು ಹಿಡಿದು ಶುದ್ಧ ಮಾಡಿ ತಂಪು ಪಾನೀಯಕ್ಕೆ ಮಾರುವುದು ಡಿಸ್ಟಿಲರಿಗಳಲ್ಲಿ ಗೊತ್ತಿರುವ ಕೆಲಸವೇ.

ಮಿತಿಗಳು

ಯಂತ್ರದ ಬೆಲೆಯೇ ಮೊದಲ ಅಡ್ಡಿ. ಬಣ್ಣ ಬದಲಿಸುವಾಗಲೆಲ್ಲ ಪಾತ್ರೆ, ಕೊಳವೆ ತೊಳೆಯಬೇಕು. ಕಡುಗಪ್ಪಿನ ನಂತರ ತಿಳಿಗುಲಾಬಿ ಹಾಕುವುದು ತಲೆನೋವು. ಈ ಮಾಧ್ಯಮಕ್ಕೆಂದೇ ತಯಾರಾದ ಶುದ್ಧ ಬಣ್ಣಗಳ ಪಟ್ಟಿ ಇನ್ನೂ ಚಿಕ್ಕದು. ಭಾರತದಲ್ಲಿ ಒತ್ತಡದ ಸಿಲಿಂಡರು, ಪಾತ್ರೆಗಳ ಸುರಕ್ಷತೆಯನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ ಸಂಸ್ಥೆ. ಸೋರಿಕೆಯಾದರೆ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಮಡುಗಟ್ಟಿ ಉಸಿರುಗಟ್ಟಿಸುತ್ತದೆ. ತಗ್ಗಿನ ಕೋಣೆಗಳಲ್ಲಿ ಇಂಥ ಯಂತ್ರ ಕೂರಿಸುವಂತಿಲ್ಲ.

ಇತರ ವಸ್ತುಗಳು

ನೈಲಾನ್, ಅರಮಿಡ್ ಎಳೆಗಳ ಮೇಲೂ ಪ್ರಯೋಗಗಳು ನಡೆದಿವೆ. ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಪಾಲಿಪ್ರೊಪಿಲೀನ್. ನೀರಿನ ತೊಟ್ಟಿಯಲ್ಲಿ ಇದಕ್ಕೆ ಬಣ್ಣ ಹಿಡಿಸುವುದು ಬಹಳ ಕಷ್ಟ. ಎಳೆ ತೆಗೆಯುವ ಮುಂಚೆ ಕರಗಿದ ಪ್ಲಾಸ್ಟಿಕ್ಕಿಗೇ ಬಣ್ಣ ಬೆರೆಸುವುದು ವಾಡಿಕೆ. ಕಾರ್ಬನ್ ಡೈಆಕ್ಸೈಡ್ ಇದನ್ನೂ ಉಬ್ಬಿಸಬಲ್ಲದು, ಹಾಗಾಗಿ ನೇಯ್ದ ಮೇಲೆ ಬಣ್ಣ ಹಾಕುವ ದಾರಿ ತೆರೆದಿದೆ. ಪ್ಲಾಸ್ಟಿಕ್ ಹಾಳೆಗಳೊಳಗೆ ಸುಗಂಧ ಸೇರಿಸಲು, ಕಾಂಟ್ಯಾಕ್ಟ್ ಲೆನ್ಸಿನೊಳಗೆ ಔಷಧ ತುಂಬಲು ಇದೇ ತತ್ವದ ಮೇಲೆ ಸಂಶೋಧನೆ ನಡೆಯುತ್ತಿದೆ.