ನಡುಮನೆ ಬಲ್ಬಿನಿಂದ ಕಂಪ್ಯೂಟ್ರಿನ ಕಾರ್ಡಿನ ತನಕ

ಮಗಳ ಕಂಪ್ಯೂಟ್ರು ಕೆಲಸದ ನಡುವೆ ಆರಿ ಹೋಗೋ ಸುದ್ದಿ ಕೇಳಿ, ಮೂರ್ನಾಲ್ಕು ಜನ ಅಕ್ಕತಂಗೇರು "ಕಡೆಗೆ ಯಾವ ಕಾರ್ಡು ತಂದ್ರಿ? ನಮ್ಮ ಹುಡುಗ್ರೂ ಬೇಕು ಅಂತ ಕುಂತಾವೆ" ಅಂತ ಕೇಳಿದ್ರು. ಒಬ್ಬೊಬ್ರಿಗೂ ಹೇಳೋ ಬದ್ಲು ಇಲ್ಲೇ ಬರೀತೀನಿ. ಸ್ವಲ್ಪ ಹಿಂದಿನ ಕತೇನೂ ಬರುತ್ತೆ, ಬೇಜಾರು ಮಾಡ್ಕೋಬೇಡಿ.

ಅವಳು ಮನೇಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡೋದು ನಿಮಗೆಲ್ಲ ಗೊತ್ತು. ಕಂಪ್ಯೂಟ್ರು ಹಳೇದು, ಕೆಲಸ ನಿಧಾನ. ಗ್ರಾಫಿಕ್ಸ್ ಕಾರ್ಡು ಅಂದ್ರೆ ಪರದೆ ಮೇಲೆ ಮೂಡೋ ಚಿತ್ರದ ಲೆಕ್ಕಾನೆಲ್ಲ ಮಾಡೋ ಹಲಗೆ. ಗೆಳತಿ ಹತ್ರ ಒಂದು ದೊಡ್ಡ ಕಾರ್ಡು ಕೇಳಿ ತಂದು ಹಾಕಿದ್ಲು. ಸುಮ್ನೆ ನೋಡೋವಾಗ ಚೆನ್ನಾಗೇ ಇತ್ತು. ವಿಡಿಯೋ ತಯಾರಾಗಕ್ಕೆ ಇಟ್ಟ ಹತ್ತೇ ನಿಮಿಷಕ್ಕೆ ಎಲ್ಲಾ ಬಂದ್. ಮೂರು ಸಲ ಹಿಂಗೇ ಆಯ್ತು. ಹೇಳಿದ ದಿನಕ್ಕೆ ಕೊಡಕ್ಕಾಗದೆ ಒಂದು ಗಿರಾಕಿ ಕೈಬಿಟ್ಟೋಯ್ತು. "ಬೆಂಗಳೂರಿಗೇ ಹೋಗ್ತೀನಮ್ಮ, ಅಲ್ಲಿ ಆಫೀಸಲ್ಲಿ ಎಲ್ಲಾ ಇರುತ್ತೆ" ಅಂತ ಶುರು ಮಾಡಿದ್ಲು. ನನ್ನ ಕೈಲಿದ್ದಿದ್ದು ಸಂಘದಲ್ಲಿ ಸಾಲ ತೆಗೆದ ದುಡ್ಡು. ತಪ್ಪು ಸಾಮಾನು ತಂದ್ರೆ ಇನ್ನೊಂದು ತರೋ ಹಂಗಿರಲಿಲ್ಲ.

ಆ ಡಬ್ಬಿ ಆರಿದ್ದು ನೋಡಿ ನಂಗೆ ಹಳೇ ಮನೆ ನೆನಪಾಯ್ತು. ನಾನು ಹಾಲುರಾಮೇಶ್ವರಕ್ಕೆ ಸೊಸೆಯಾಗಿ ಬಂದಾಗ ನಡುಮನೇಲೊಂದು, ಒಲೆ ಹತ್ರ ಒಂದು, ಎರಡೇ ಬಲ್ಬು. ಆಮೇಲೆ ಮಿಕ್ಸಿ ಬಂತು, ಇಸ್ತ್ರಿಪೆಟ್ಟಿಗೆ ಬಂತು. ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸು ಹೋಗೋದು. ನಮ್ಮತ್ತೆ, "ಹಗೇವಲ್ಲಿ ಎಷ್ಟು ರಾಗಿ ಐತೆ ಅಂತ ನೋಡದೆ ನೆಂಟ್ರನ್ನ ಕರೀಬಾರ್ದು" ಅನ್ನೋರು.

ಈ ಲೆಕ್ಕ ನಮ್ಮ ನಾಡಿಗೆ ಕರೆಂಟು ಬಂದಾಗಿಂದ್ಲೂ ಐತೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟು ತೆಗೆದಾಗ ಅದು ಮೊದಲು ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದೀಲಿ ದೀಪ ಹತ್ತಿದ್ದು 1905ರಲ್ಲಿ. ಹುಟ್ಟೋ ಕರೆಂಟು ಎಷ್ಟು, ಅದು ಯಾರಿಗೆ ಎಷ್ಟು ಅನ್ನೋದು ಮೊದಲು, ದೀಪ ಹಚ್ಚೋದು ಆಮೇಲೆ.

ಕಂಪ್ಯೂಟ್ರಿನ ಡಬ್ಬಿ ಒಳಗೂ ಒಂದು ಶಿವನಸಮುದ್ರ ಐತೆ. ಅದಕ್ಕೆ ಎಸ್‌ಎಂಪಿಎಸ್ ಅಂತಾರೆ. ಗೋಡೆಯಿಂದ ಬರೋ 230 ವೋಲ್ಟನ್ನ 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಸಾಮಾನಿಗೆಲ್ಲ ಹಂಚೋದು ಅದೇ. 1990ರ ದಶಕದ ಪಿಸಿಐ ಸ್ಲಾಟಲ್ಲಿ ಒಂದು ಕಾರ್ಡಿಗೆ ಸಿಗ್ತಿದ್ದಿದ್ದು ಹೆಚ್ಚೆಂದ್ರೆ 25 ವ್ಯಾಟ್, ನಮ್ಮ 40ರ ಬಲ್ಬಿಗಿಂತ ಕಮ್ಮಿ. 2000ದಲ್ಲಿ ಬಂದ ವೂಡೂ 5 5500 ಕಾರ್ಡಿಗೆ ಸ್ಲಾಟಿನ ಕರೆಂಟು ಸಾಲದೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಎಳೀಬೇಕಾಯ್ತು. 2004ರ ಹೊತ್ತಿಗೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಬಂದ್ವು, ಸ್ಲಾಟಿಂದ್ಲೇ 75 ವ್ಯಾಟ್. ಅದೂ ಸಾಲದು ಅಂತ ಆರು ಪಿನ್ನಿನ ವೈರಲ್ಲಿ ಇನ್ನೊಂದು 75, ಎಂಟು ಪಿನ್ನಿನದರಲ್ಲಿ 150. 2022ರ ಆರ್‌ಟಿಎಕ್ಸ್ 4090 ಒಂದಕ್ಕೇ 450 ವ್ಯಾಟ್ ಬೇಕು!

ನಮ್ಮ ಎಸ್‌ಎಂಪಿಎಸ್ ಮೇಲೂ 450 ಅಂತ ದಪ್ಪಕ್ಷರದಲ್ಲಿತ್ತು. ಗೆಳತಿಯ ಕಾರ್ಡು ಆರ್‌ಟಿಎಕ್ಸ್ 3060, 170 ವ್ಯಾಟಿಂದು. ಮತ್ತೆ ಯಾಕೆ ಸಾಲಲಿಲ್ಲ? ಮೊದಲೆಲ್ಲ ಪ್ರೊಸೆಸರುಗಳು 5 ಮತ್ತೆ 3.3 ವೋಲ್ಟಿನ ಲೈನಿಂದ ಕರೆಂಟು ತಗೊಳ್ತಿದ್ವು. 2000ದಲ್ಲಿ ಪೆಂಟಿಯಂ 4 ಬಂದ ಮೇಲೆ ಭಾರ 12 ವೋಲ್ಟಿನ ಲೈನಿಗೆ ಬಿತ್ತು. ದೊಡ್ಡ ಕಾರ್ಡುಗಳೂ ಅಲ್ಲಿಂದ್ಲೇ ಎಳೀತಾವೆ. ಆದ್ರೂ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲಾ ಲೈನಿಂದೂ ಕೂಡಿಸಿ ದೊಡ್ಡ ನಂಬರು ಬರೆದಿರ್ತಾರೆ. ರಾಗಿ, ಜೋಳ, ಹುರುಳಿ ಎಲ್ಲಾ ಸೇರಿಸಿ ಹತ್ತು ಚೀಲ ಐತೆ ಅಂದಂಗೆ. ಮುದ್ದೆಗೆ ಬೇಕಾಗಿರೋದು ರಾಗಿ ಒಂದೇ ಅಲ್ವಾ?

ಪ್ಲಗ್ಗು ಕಿತ್ತು, ಕಂಪ್ಯೂಟ್ರಿನ ಪಕ್ಕದ ತಗಡು ಬಿಚ್ಚಿ, ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದ್ವಿ. (ಎಸ್‌ಎಂಪಿಎಸ್‌ನೇ ಬಿಚ್ಚಬ್ಯಾಡ್ರಮ್ಮ, ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಕರೆಂಟು ನಿಂತಿರ್ತೈತೆ.) 12 ವೋಲ್ಟಿಗೆ 18 ಆಂಪ್ಸ್ ಅಂತಿತ್ತು. ವೋಲ್ಟನ್ನ ಆಂಪ್ಸಿಂದ ಗುಣಿಸಿದ್ರೆ ವ್ಯಾಟು ಅಂತ ಪಿಯುಸೀಲಿ ಓದಿದ್ದು ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. 216 ವ್ಯಾಟ್. ಪ್ರೊಸೆಸರಿಗೆ 65, ಬೋರ್ಡು ಫ್ಯಾನು ಡಿಸ್ಕು ಅಂತ ಒಂದು 40 ಕಳೆದ್ರೆ ಉಳಿಯೋದು 111. ಅದರಲ್ಲೂ ಒಂದಿಷ್ಟು ಮಿಗಿಸಬೇಕು, ಯಾಕಂದ್ರೆ ಕಾರ್ಡು ಒಂದೊಂದು ಕ್ಷಣ ಹೇಳಿದ್ದಕ್ಕಿಂತ ಜಾಸ್ತಿ ಎಳೀತೈತೆ. 170 ಎಲ್ಲಿ ಹಿಡಿಸ್ತೈತೆ?

ನಮಗೆ ಎರಡು ದಾರಿ ಇದ್ವು. 3060ಗೆ 550 ವ್ಯಾಟಿನ ಒಳ್ಳೇ ಎಸ್‌ಎಂಪಿಎಸ್ ಬೇಕು ಅಂತ ಕಂಪ್ನಿಯೋರೇ ಹೇಳ್ತಾರೆ. ಅಂದ್ರೆ ಕಾರ್ಡೂ ಎಸ್‌ಎಂಪಿಎಸ್ಸೂ ಎರಡೂ ಹೊಸದು. ಇಲ್ಲಾಂದ್ರೆ ಇರೋದ್ರಲ್ಲಿ ಹಿಡಿಸೋ ಕಾರ್ಡು. ನಾವು 2024ರಲ್ಲಿ ಬಂದ ಆರ್‌ಟಿಎಕ್ಸ್ 3050, 6 ಜಿಬಿದು ತಂದ್ವಿ. ಅದು 70 ವ್ಯಾಟು, ಬೇರೆ ವೈರು ಬ್ಯಾಡ, ಸ್ಲಾಟಿಂದ ಬರೋದೇ ಸಾಕು. ಹುಷಾರು, ಅದೇ 3050 ಹೆಸರಲ್ಲಿ 8 ಜಿಬಿದೂ ಐತೆ, ಅದಕ್ಕೆ 130 ವ್ಯಾಟು. ಹೆಸರು ಒಂದೇ, ಹೊಟ್ಟೆ ಬೇರೆ.

3060ಯಷ್ಟು ಜೋರಿಲ್ಲ ಅಂತ ಮಗಳು ಮೊದಲೆರಡು ದಿನ ಮುಖ ಊದಿಸಿದ್ಲು. ಆದ್ರೆ ಹೋದ ವಾರ ರಾತ್ರಿ ಊಟಕ್ಕೆ ಮುಂಚೆ ಒಂದು ಮದುವೆ ವಿಡಿಯೋ ತಯಾರಾಗಕ್ಕೆ ಇಟ್ಟಳು. ನಾನು ನಡುವೆ ಎರಡು ಸಲ ಎದ್ದು ನೋಡ್ದೆ, ಫ್ಯಾನು ತಿರುಗ್ತಾನೇ ಇತ್ತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋ ಹೊತ್ತಿಗೆ ಕೆಲಸ ಮುಗಿದಿತ್ತು. ಬೆಂಗಳೂರಿನ ಮಾತು ಸದ್ಯಕ್ಕೆ ಎತ್ತಿಲ್ಲ. ದುಡಿದ ದುಡ್ಡಲ್ಲಿ ಮುಂದಿನ ವರ್ಷ ಎಸ್‌ಎಂಪಿಎಸ್ ತಗೊಳ್ಳಲಿ, ಆಮೇಲೆ ದೊಡ್ಡ ಕಾರ್ಡು.

ನಿಮ್ಮ ಮನೆ ಹುಡುಗ್ರು ಕಾರ್ಡು ಕೇಳಿದ್ರೆ, ಅಂಗಡಿಗೆ ಕಳಿಸೋ ಮುಂಚೆ ಆ ಚೀಟಿಯ ಫೋಟೋ ತೆಗೆದು ತಗೊಂಡೋಗಕ್ಕೆ ಹೇಳ್ರಮ್ಮ. 12 ವೋಲ್ಟಿನ ಮುಂದೆ ಇರೋ ಆಂಪ್ಸು ನೋಡದೆ ದುಡ್ಡು ಬಿಚ್ಚಬ್ಯಾಡ್ರಿ.