‘ಇನ್ನೂ ಎಷ್ಟು ದಿನ ಬರಬೇಕು?’

ಅಂಗಿಯ ಗುಂಡಿ ಹಾಕಿಕೊಳ್ಳಲಾರದ, ಬಳಪ ಹಿಡಿಯಲಾರದ ಮಗುವನ್ನು ಆಸ್ಪತ್ರೆಗೆ ಕರೆತರುವ ತಾಯಿತಂದೆಗಳು ಮೊದಲು ಕೇಳುವುದು ‘ವಾಸಿಯಾಗುತ್ತದೆಯೇ?’ ಎಂದು, ಆಮೇಲೆ ಕೇಳುವುದು ‘ಇನ್ನೂ ಎಷ್ಟು ದಿನ ಬರಬೇಕು?’ ಎಂದು. ಎರಡನೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದರ ಹಿಂದೆ ಬಸ್ಸಿನ ಖರ್ಚು, ತಂದೆಯ ರಜೆ, ನೆರೆಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು, ಅಜ್ಜಿ ಹೊತ್ತ ಹರಕೆ ಎಲ್ಲವೂ ಇರುತ್ತವೆ. ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ದೊರೆತ ಉತ್ತರ ಒಂದೇ ಆಗಿಲ್ಲ. ಅದು ಬದಲಾದ ಬಗೆಯಲ್ಲಿ ತಿಳಿದುಕೊಳ್ಳಬೇಕಾದದ್ದು ಬಹಳವಿದೆ.

ಮೊದಲು ಹೆಸರಿನ ವಿಷಯ. ಆಕ್ಯುಪೇಷನಲ್ ಥೆರಪಿಯನ್ನು ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಐದು ವರ್ಷದ ಕೂಸಿಗೆ ಎಂಥ ಉದ್ಯೋಗ ಎಂದು ಕೇಳಿದವರಿಗೆ ನಗೆ ಬಂದರೆ ಆಶ್ಚರ್ಯವಿಲ್ಲ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ. ದಿನವನ್ನು ತುಂಬುವ ಕೆಲಸ. ಮಗುವಿನ ಪಾಲಿಗೆ ಆಟ, ಊಟ, ಸ್ನಾನ, ಚಡ್ಡಿ ಏರಿಸಿಕೊಳ್ಳುವುದು, ಅಕ್ಷರ ತಿದ್ದುವುದು ಇವೇ ಉದ್ಯೋಗಗಳು. ಇವನ್ನು ತಾನೇ ಮಾಡಿಕೊಳ್ಳುವಂತೆ ಮಗುವಿಗೆ ಕಲಿಸುವುದು, ಆಗದಿದ್ದಲ್ಲಿ ಚಮಚದ ಹಿಡಿಯನ್ನೋ ಕುರ್ಚಿಯ ಎತ್ತರವನ್ನೋ ಮಗುವಿಗೆ ತಕ್ಕಂತೆ ಬದಲಾಯಿಸುವುದು, ಈ ಚಿಕಿತ್ಸೆಯ ಸಾರ.

ಇದಕ್ಕೊಂದು ಸಂಘ ಹುಟ್ಟಿದ್ದು 1917ರ ಮಾರ್ಚಿಯಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ಅಲ್ಲಿ ಸಭೆ ಕರೆದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಕಾಯಿಲೆಯಿಂದ ಅವರ ಎಡಭಾಗವೇ ಸ್ವಾಧೀನ ತಪ್ಪಿತ್ತು. ಮರುತಿಂಗಳೇ ಅಮೆರಿಕ ಯುದ್ಧಕ್ಕಿಳಿಯಿತು. ಗಾಯಗೊಂಡ ಸೈನಿಕರ ಮಟ್ಟಿಗೆ ‘ಎಷ್ಟು ದಿನ’ ಎಂಬುದು ಸುಲಭದ ಲೆಕ್ಕ: ಕೆಲಸಕ್ಕೆ ಮರಳುವ ತನಕ. ಮಕ್ಕಳಿಗೆ ಮರಳುವ ಕೆಲಸ ಎಲ್ಲಿಯದು? ಅವರು ಇನ್ನೂ ಏನನ್ನೂ ಕಲಿತಿರುವುದಿಲ್ಲ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಚೇಲಿಯಲ್ಲಿ ಗ್ರೇಸ್ ಕಿಮಿನ್ಸ್ ಎಂಬಾಕೆ 1903ರಲ್ಲಿ ಏಳು ಮಂದಿ ಹುಡುಗರೊಂದಿಗೆ ಅಂಗವಿಕಲ ಮಕ್ಕಳ ಶಾಲೆಯೊಂದನ್ನು ತೆರೆದಿದ್ದರು. ಮಕ್ಕಳು ಅಲ್ಲೇ ಇದ್ದು ಕೈಕಸುಬು ಕಲಿಯಬೇಕು. ಅಂಥ ಕಡೆ ಉತ್ತರ ವರ್ಷಗಳಲ್ಲಿ ಇರುತ್ತಿತ್ತು.

ಪೋಲಿಯೋದ ವಿಷಯ ಬೇರೆ. ಆ ವಿಷಾಣು ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆ. ಸಾಯದೆ ಉಳಿದವು ಚೇತರಿಸಿಕೊಳ್ಳುತ್ತವೆ. ಈ ಚೇತರಿಕೆ ಬಹುಪಾಲು ಮೊದಲ ತಿಂಗಳುಗಳಲ್ಲೇ ಆಗಿ, ಎರಡು ವರ್ಷಗಳ ಹೊತ್ತಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಆದ್ದರಿಂದ ವೈದ್ಯರು ಒಂದು ಗಡುವನ್ನು ಹೇಳಬಲ್ಲವರಾಗಿದ್ದರು. ನಮ್ಮ ದೇಶದಲ್ಲಿ ಈ ವಿದ್ಯೆ ಕಾಲಿಟ್ಟಾಗ ಪೋಲಿಯೋ ಇಲ್ಲಿ ಮನೆಮಾಡಿಕೊಂಡಿತ್ತು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದ ಶ್ರೀಮತಿ ಕಮಲಾ ನಿಂಬಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ನಮ್ಮಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆ ರೋಗದ ಜೊತೆಗೆ ಆ ಗಡುವೂ ಹೋಯಿತೆನ್ನಬೇಕು.

ಉಳಿದದ್ದು ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮುನ್ನವೋ ಹುಟ್ಟುವಾಗಲೋ ಅನಂತರದ ಎಳವೆಯಲ್ಲೋ ಮೆದುಳಿಗೆ ತಗಲಿದ ಪೆಟ್ಟಿನಿಂದ ಕೈಕಾಲು ಸೆಟೆಯುವ ಈ ಸ್ಥಿತಿಯ ಬಗ್ಗೆ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಪ್ರಬಂಧ ಓದಿದರು. ಅವರ ಹೆಸರಿನಿಂದಲೇ ಇದನ್ನು ಬಹುಕಾಲ ಕರೆಯುತ್ತಿದ್ದರು. ಇಲ್ಲಿ ಪೆಟ್ಟು ಬೆಳೆಯುವುದಿಲ್ಲ, ಮಾಯುವುದೂ ಇಲ್ಲ. ಮಗು ಮಾತ್ರ ಬೆಳೆಯುತ್ತದೆ. ಹಾಗಿರುವಾಗ ಚಿಕಿತ್ಸೆಗೆ ಕೊನೆ ಎಲ್ಲಿ?

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇದಕ್ಕೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಅಮೆರಿಕದಲ್ಲಿ ಡಾಕ್ಟರ್ ಫೆಲ್ಪ್ಸ್, ಲಂಡನ್ನಿನಲ್ಲಿ ಬರ್ಲಿನ್ನಿನಿಂದ ಬಂದ ಬರ್ತಾ ಬೋಬಾತ್ ಮತ್ತು ಅವರ ಪತಿ ಡಾಕ್ಟರ್ ಕಾರೆಲ್ ಬೋಬಾತ್. ಬೋಬಾತರ ಕೇಂದ್ರದಲ್ಲಿದ್ದ ನ್ಯಾನ್ಸಿ ಫಿನ್ನಿ ಎಂಬಾಕೆ 1968ರಲ್ಲಿ ತಾಯಂದಿರಿಗಾಗಿಯೇ ಒಂದು ಪುಸ್ತಕ ಬರೆದರು: ಮಗುವನ್ನು ಎತ್ತುವುದು ಹೇಗೆ, ಮೀಯಿಸುವುದು ಹೇಗೆ, ಉಣ್ಣಿಸುವುದು ಹೇಗೆ. ಚಿಕಿತ್ಸೆ ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಳ್ಳೆಯದೇ. ಆದರೆ ಅದರೊಂದಿಗೆ ಒಂದು ಹೊರೆಯೂ ಬಂತು. ಮಗು ಮುಂದೆ ಹೋಗದಿದ್ದರೆ, ತಾನು ಮಾಡಿಸಿದ್ದು ಸಾಲದೆ ಹೋಯಿತೇನೋ ಎಂದು ತಾಯಿ ಕೊರಗುವಂತಾಯಿತು. ಇನ್ನೂ ಸ್ವಲ್ಪ, ಇನ್ನೂ ಒಂದು ವರ್ಷ ಎಂದು ಓಡಾಡಿ ಬಳಲಿದ ಸಂಸಾರಗಳು ಎಲ್ಲ ದೇಶಗಳಲ್ಲೂ ಇವೆ.

ಅಳತೆ ಸಿಕ್ಕಿದ್ದು ಬಹಳ ತಡವಾಗಿ. 1997ರಲ್ಲಿ ಕೆನಡಾದ ತಂಡವೊಂದು ಈ ಮಕ್ಕಳ ಚಲನಶಕ್ತಿಯನ್ನು ಐದು ದರ್ಜೆಗಳಾಗಿ ವಿಂಗಡಿಸಿತು. ಅನಂತರ ಆಂಟೇರಿಯೋ ಪ್ರಾಂತದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಅತಿ ಹಗುರ ದರ್ಜೆಯ ಮಕ್ಕಳು ತಮಗೆ ಸಾಧ್ಯವಾದ ಚಲನೆಯ ನೂರಕ್ಕೆ 90 ಭಾಗವನ್ನು ಸುಮಾರು 5 ವರ್ಷದೊಳಗೆ ಮುಟ್ಟುತ್ತಾರೆ. ಅತಿ ತೀವ್ರ ದರ್ಜೆಯವರು 3 ವರ್ಷಕ್ಕೂ ಮುಂಚೆಯೇ. ಇದನ್ನು ಓದಿದ ಎಷ್ಟೋ ತಂದೆತಾಯಿಗಳಿಗೆ ಬಾಗಿಲು ಮುಚ್ಚಿದಂತಾಗಬಹುದು. ಆದರೆ ಅಳೆದದ್ದು ಕೂರುವುದು, ನಿಲ್ಲುವುದು, ನಡೆಯುವುದು ಇಂಥವನ್ನು. ತಟ್ಟೆಯಿಂದ ಬಾಯಿಗೆ ತುತ್ತು ಒಯ್ಯುವುದನ್ನಾಗಲಿ ಅಕ್ಷರ ಬರೆಯುವುದನ್ನಾಗಲಿ ಅಲ್ಲ. ನಡಿಗೆ ಇಷ್ಟೇ ಎಂದು ನಿಂತ ಮೇಲೂ ಹತ್ತನೆಯ ವರ್ಷದಲ್ಲಿ ಮಗು ತಲೆ ಬಾಚಿಕೊಳ್ಳಲು ಕಲಿಯಬಹುದು.

ಕಲಿಯಲು ಎಷ್ಟು ಕಾಲ ಬೇಕು? ಇದಕ್ಕೆ ನನಗೆ ಮೆಚ್ಚುಗೆಯಾದ ಉತ್ತರ 2009ರಲ್ಲಿ ಆಸ್ಟ್ರೇಲಿಯದಿಂದ ಬಂದದ್ದು. ಐಯೋನಾ ನೊವಾಕ್ ಮತ್ತು ಸಂಗಡಿಗರು ಶಾಲೆಯ ವಯಸ್ಸಿನ 36 ಮಕ್ಕಳನ್ನು ಆರಿಸಿಕೊಂಡರು. ಏನನ್ನು ಕಲಿಸಬೇಕೆಂದು ಮೊದಲು ಮನೆಯವರನ್ನೇ ಕೇಳಿದರು. ಕೆಲವರಿಗೆ ಎಂಟು ವಾರ ಮನೆಯಲ್ಲೇ ಮಾಡುವ ಅಭ್ಯಾಸ, ಕೆಲವರಿಗೆ ನಾಲ್ಕು ವಾರ, ಕೆಲವರಿಗೆ ಏನೂ ಇಲ್ಲ. ಎಂಟು ವಾರ ಮಾಡಿದವರು ಏನೂ ಮಾಡದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ತಾಯಿತಂದೆಗಳು ನಿಜಕ್ಕೂ ಎಷ್ಟು ಮಾಡಿಸಿದ್ದರು ಗೊತ್ತೇ? ತಿಂಗಳಿಗೆ ಸರಾಸರಿ 17.5 ಸಾರಿ, ಒಂದೊಂದು ಸಾರಿಗೆ 16.5 ನಿಮಿಷ. ಕೂಡಿಸಿದರೆ ತಿಂಗಳಿಗೆ ಐದು ಗಂಟೆಯೂ ಆಗದು. ನಮ್ಮ ಮನೆಗಳಲ್ಲಿ ಚಳಿಗಾಲದ ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೆಕಾಯಿ ಸುಲಿಯುವಷ್ಟು ಹೊತ್ತು. ಎರಡು ಕೈಗಳೂ ಬೇಕಾಗುವ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋರದು.

ಎಲ್ಲ ಮಕ್ಕಳಿಗೂ ಇದೇ ಲೆಕ್ಕ ಹೊಂದುವುದಿಲ್ಲ. ಸದ್ದು, ಸ್ಪರ್ಶ, ತೂಗಾಟಗಳನ್ನು ಮೆದುಳು ಸರಿಯಾಗಿ ಕೂಡಿಸಿಕೊಳ್ಳದೆ ಕಲಿಕೆ ತೊಡಕಾಗುತ್ತದೆಂದು ಅಮೆರಿಕದ ಜೀನ್ ಏರ್ಸ್ 1972ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆಟಿಸಂ ಇರುವ ಮಕ್ಕಳಿಗೆ ಈ ಮಾರ್ಗ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 26 ಭೇಟಿಗಳ ಈ ಚಿಕಿತ್ಸೆ ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಬೇರೆ ಸಣ್ಣ ಪ್ರಯೋಗಗಳಲ್ಲಿ ತೋರಿದ್ದುಂಟು. ಆದ್ದರಿಂದ ಯಾವ ಕೆಲಸಕ್ಕಾಗಿ ಎಂದು ಹೇಳದೆ ‘ವಾರಕ್ಕೆ ಮೂರು ಸಾರಿ, ಮೂರು ವರ್ಷ’ ಎನ್ನುವವರನ್ನು ತಂದೆತಾಯಿಗಳು ಮರುಪ್ರಶ್ನೆ ಕೇಳಬೇಕು. ಅದು ಅವಿನಯವಲ್ಲ.

ಈಗಿನ ಒಳ್ಳೆಯ ರೂಢಿಯೆಂದರೆ, ಒಂದೊಂದು ಗುರಿಗೆ ಕೆಲವು ವಾರ, ಆಮೇಲೆ ಬಿಡುವು, ಹೊಸ ಅಗತ್ಯ ಬಂದಾಗ ಮತ್ತೆ. ಆರನೆಯ ವಯಸ್ಸಿನಲ್ಲಿ ಗುಂಡಿ ಹಾಕಲು ಕಲಿತು ಹೋದ ಹುಡುಗಿ ಹನ್ನೆರಡರಲ್ಲಿ ತಿಂಗಳಿನ ಬಟ್ಟೆಯನ್ನು ತಾನೇ ನೋಡಿಕೊಳ್ಳಲು ಕಲಿಯಬೇಕಾಗುತ್ತದೆ. ಹುಡುಗನಿಗೆ ಪರೀಕ್ಷೆಯಲ್ಲಿ ಮೂರು ಗಂಟೆ ಬರೆಯಬೇಕಾಗುತ್ತದೆ. ದೇಹ ಭಾರವಾಗುವ ಹದಿವಯಸ್ಸಿನಲ್ಲಿ ತೀವ್ರ ದರ್ಜೆಯ ಮಕ್ಕಳು ಗಳಿಸಿದ್ದರಲ್ಲಿ ಕೊಂಚ ಕಳೆದುಕೊಳ್ಳುವುದೂ ಉಂಟೆಂದು ಅದೇ ಕೆನಡಾದ ತಂಡ 2009ರಲ್ಲಿ ತೋರಿಸಿತು. 2013ರಿಂದ ನಡೆಯುತ್ತಿರುವ ನಮ್ಮ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ತಪಾಸಣೆಯನ್ನು ಒಳಗೊಂಡಿದೆ.

ಮುಂಬಯಿಯಲ್ಲಿ 1972ರಲ್ಲಿ ಮಿಥು ಅಲೂರ್ ಅವರು ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಿಗಾಗಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. 1980ರ ದಶಕದಲ್ಲಿ ಬೆಂಗಳೂರಿನಲ್ಲೂ ಅಂಥದೊಂದು ಸಂಸ್ಥೆ ಬಂತು. ಅಲೂರ್ ಅವರಿಗೆ ಪ್ರೇರಣೆಯಾದವರು ಸ್ವಂತ ಮಗಳು ಮಾಲಿನಿ. ಈಕೆ ಇಂಗ್ಲೆಂಡಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದು, 2010ರಲ್ಲಿ ಮಾಲಿನಿ ಚಿಬ್ ಎಂಬ ಹೆಸರಿನಲ್ಲಿ ಆತ್ಮಕಥೆ ಪ್ರಕಟಿಸಿದರು. ಪುಸ್ತಕದ ಹೆಸರು ‘ಒನ್ ಲಿಟಲ್ ಫಿಂಗರ್’. ಅದನ್ನು ಟೈಪು ಮಾಡಿದ್ದು ಆ ಒಂದು ಬೆರಳಿನಿಂದ.